ಗೀರು ತುಂಬುವ ಕೆಲಸ

ಚನ್ನವೀರಪ್ಪನವರ ಕೈಯ ಮಂಡಕ್ಕಿ ಒಗ್ಗರಣೆಯೆಂದರೆ ಸಿಂಗಸಂದ್ರದ ‘ಸಿರಿ ಲೇಕ್ ವ್ಯೂ’ ಅಪಾರ್ಟ್‌ಮೆಂಟಿನ ಎಲ್ಲ ಬ್ಲಾಕುಗಳಲ್ಲೂ ಹೆಸರುವಾಸಿ. ಭಾನುವಾರ ಸಂಜೆ ಮನೆಗೆ ಯಾರಾದರೂ ಬಂದರೆ ಅವರು ಲುಂಗಿಯ ಮೇಲೆ ಏಪ್ರನ್ ಕಟ್ಟಿಕೊಂಡು ಅಡುಗೆಮನೆಗೆ ಇಳಿಯುತ್ತಾರೆ. ಅಷ್ಟು ಹೊತ್ತಿಗೆ ಮಂಡಕ್ಕಿ ನೆನೆದು, ಹಿಂಡಿಸಿಕೊಂಡು, ಜರಡಿಯಲ್ಲಿ ಕಾಯುತ್ತಿರುತ್ತದೆ. ಈರುಳ್ಳಿ, ಟೊಮ್ಯಾಟೊ, ಹಸಿಮೆಣಸಿನಕಾಯಿ ಹೆಚ್ಚಿ ಬೇರೆಬೇರೆ ಬಟ್ಟಲಲ್ಲಿ ಕೂತಿರುತ್ತವೆ. ಹುರಿಗಡಲೆ ಪುಡಿಯಾಗಿರುತ್ತದೆ, ಬಾಣಲೆಯಲ್ಲಿ ಎಣ್ಣೆ ಕಾದಿರುತ್ತದೆ. ಚನ್ನವೀರಪ್ಪನವರು ಸಾಸಿವೆ ಹಾಕುತ್ತಾರೆ. ಸಾಸಿವೆ ಸಿಡಿದ ಸದ್ದು ಹಾಲಿನವರೆಗೆ ಕೇಳಿ, “ಅಂಕಲ್, ಘಮ್ ಅಂತಿದೆ!” ಎಂದು ಯಾರೋ ಕೂಗುತ್ತಾರೆ. ಬಟ್ಟಲುಗಳನ್ನೆಲ್ಲ ಬಾಣಲೆಗೆ ಬಗ್ಗಿಸಿ, ಎರಡು ಸಲ ಮಗುಚಿ, ತಟ್ಟೆ ಹಿಡಿದು ಅವರು ಹೊರಗೆ ಬರುತ್ತಾರೆ. ಒಳಗೆ ಬಾಣಲೆ, ಬಟ್ಟಲು, ಜರಡಿ, ನೆಲಕ್ಕೆ ಚೆಲ್ಲಿದ ಮಂಡಕ್ಕಿ, ಗೋಡೆಗೆ ಸಿಡಿದ ಎಣ್ಣೆ ಉಳಿಯುತ್ತವೆ. ಅವುಗಳ ಜೊತೆ ಅವರ ಹೆಂಡತಿ ಗಂಗಾಂಬಿಕೆ ಉಳಿಯುತ್ತಾಳೆ.

ಹೀಗಾಗಿ, ಮಳೆಗಾಲದ ಆರಂಭದಲ್ಲಿ ನಡೆದ ಸಂಘದ ಸಭೆಯಲ್ಲಿ ಚನ್ನವೀರಪ್ಪನವರು ಎದ್ದು ನಿಂತು, “ಆ ಚಿತ್ರ ನಾನೇ ಬರೆದುಕೊಡ್ತೀನಿ” ಅಂದಾಗ, ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಗಂಗಾಂಬಿಕೆಯ ಮೂಗಿಗೆ ಸಾಸಿವೆ ಸಿಡಿದ ವಾಸನೆ ಬಡಿಯಿತು.

ಸಭೆ ಕರೆದದ್ದು ಲಾಬಿಯ ಗೋಡೆಗಾಗಿ. ಹೊಸ ಬಣ್ಣ ಹೊಡೆಸಿದ ಮೇಲೆ ಆ ಗೋಡೆ ಬೋಳಾಗಿ ಕಾಣುತ್ತಿತ್ತು. ಸಂಘದ ಕಾರ್ಯದರ್ಶಿ ಪ್ರಸನ್ನನಿಗೆ ಅಲ್ಲಿ ‘ಹೆರಿಟೇಜ್’ ಬೇಕಿತ್ತು. ಎಲೆಕ್ಟ್ರಾನಿಕ್ ಸಿಟಿಯ ಅವನ ಕಂಪನಿಯಲ್ಲಿ ಬಾಗಿಲ ಬಳಿಯೇ ಎತ್ತಿನಗಾಡಿಯ ಚಕ್ರ ನಿಲ್ಲಿಸಿದ್ದಾರಂತೆ, ಅದರ ಮೇಲೆ ಲೈಟು ಬಿಟ್ಟಿದ್ದಾರಂತೆ. ಪಕ್ಕದ ಹಳ್ಳಿಯ ಜೀವಂತ ಹಸು ಗೇಟಿನ ಮುಂದೆ ಸಗಣಿ ಹಾಕಿತೆಂದು ಹಿಂದಿನ ತಿಂಗಳು ಪಾಲಿಕೆಗೆ ದೂರು ಕೊಟ್ಟವನೂ ಇವನೇ. ಹೆರಿಟೇಜು ಸಗಣಿ ಹಾಕಬಾರದು, ಅಷ್ಟೇ ಅವನ ಷರತ್ತು.

ಅವನ ಕಣ್ಣಿಗೆ ಬಿದ್ದದ್ದು ಚನ್ನವೀರಪ್ಪನವರ ಹಾಲಿನಲ್ಲಿದ್ದ ಒಂದು ಹಳೆಯ ಎಚಿಂಗ್. ತಾಮ್ರದ ತಗಡಿಗೆ ಮೇಣ ಬಳಿದು, ಸೂಜಿಯಿಂದ ಗೀರಿ, ಆಸಿಡ್ಡಿನಲ್ಲಿ ಅದ್ದಿ, ಆಸಿಡ್ಡು ಕೊರೆದ ಗೀರುಗಳಿಗೆ ಮಸಿ ತುಂಬಿ ಕಾಗದಕ್ಕೆ ಒತ್ತಿದ ಚಿತ್ರ. ಅಂಗೈ ಎರಡನ್ನು ಜೋಡಿಸಿದಷ್ಟು ಅಗಲ. ಕೆರೆಯ ಏರಿ, ಏರಿಯ ಮೇಲೆ ಆಲದಮರ, ಮರದ ಕೆಳಗೆ ಕುದುರೆಯ ಲಗಾಮು ಹಿಡಿದು ನಿಂತ ಒಬ್ಬ ಬಿಳಿ ದೊರೆ, ಆಚೆಗೊಂದು ಕಲ್ಲಿನ ಮಂಟಪ, ನೀರಿನ ಅಂಚಿನ ಮೆಟ್ಟಿಲಲ್ಲಿ ಬಟ್ಟೆ ಒಗೆಯುವ ನಾಲ್ಕು ಹೆಂಗಸರು. “ಇದು ನಮ್ಮ ಕೆರೇನೇ ಇರ್ಬೇಕು ಅಂಕಲ್!” ಎಂದು ಪ್ರಸನ್ನ ಮಂಡಕ್ಕಿ ತಿನ್ನುತ್ತಲೇ ತೀರ್ಮಾನಿಸಿದ. ಯಾವ ಕೆರೆಯೋ ಯಾರಿಗೂ ಗೊತ್ತಿಲ್ಲ. ಸಿರಿ ಲೇಕ್ ವ್ಯೂನಿಂದ ಯಾವ ಕೆರೆಯೂ ಕಾಣುವುದಿಲ್ಲ. ಗಾಳಿ ಈ ಕಡೆಗೆ ತಿರುಗಿದಾಗ ಅದು ಎಲ್ಲೋ ಹತ್ತಿರದಲ್ಲಿದೆಯೆಂದು ಮೂಗಿಗೆ ತಿಳಿಯುತ್ತದೆ, ಕಿಟಕಿ ಹಾಕಿಕೊಳ್ಳುತ್ತಾರೆ.

ಪ್ರಸನ್ನ ಅದನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಫ್ಲೆಕ್ಸ್ ಮಾಡಿಸಿಯೂ ನೋಡಿದ. ಬಾಗಿಲಗಲ ಹಿಗ್ಗಿದ ಆಲದಮರ ಬೂಷ್ಟು ಹಿಡಿದ ಬ್ರೆಡ್ಡಿನಂತಾಯಿತು, ಕುದುರೆ ಮೇಕೆಯಾಯಿತು. “ಯಾರಾದ್ರೂ ಪೆನ್ನಲ್ಲೇ ದೊಡ್ಡದಾಗಿ ಬರೆದ್ರೆ ಸಕ್ಕತ್ತಾಗಿರುತ್ತೆ” ಎಂದು ಅವನು ಸಭೆಯಲ್ಲಿ ಹೇಳಿದಾಗಲೇ ಚನ್ನವೀರಪ್ಪನವರು ಎದ್ದದ್ದು.

“ಪೀಣ್ಯದಲ್ಲಿ ಡ್ರಾಯಿಂಗ್ ಆಫೀಸನ್ನೇ ನಡೆಸಿದೋನು ನಾನು. ಪೆನ್ನು, ಇಂಕು ನನಗೇನು ಹೊಸದಾ?”

ಚಪ್ಪಾಳೆ ಬಿತ್ತು. ಗಂಗಾಂಬಿಕೆ ಮಾತ್ರ ತಟ್ಟಲಿಲ್ಲ. ಅವಳ ಮಡಿಲಲ್ಲಿ ಅವರ ಕನ್ನಡಕದ ಡಬ್ಬಿ, ಅವರ ನೀರಿನ ಬಾಟಲಿ, ಅವರ ಕೊಡೆ ಇದ್ದವು.

ಡ್ರಾಯಿಂಗ್ ಆಫೀಸು ನಡೆಸಿದ್ದು ನಿಜ. ಲೇತ್ ಮೆಷಿನ್ ಮಾಡುವ ಆ ಕಾರ್ಖಾನೆಯಲ್ಲಿ ಚನ್ನವೀರಪ್ಪನವರು ಕಿವಿಗೆ ಕೆಂಪು ಪೆನ್ಸಿಲ್ ಸಿಕ್ಕಿಸಿಕೊಂಡು ಮೇಜಿನಿಂದ ಮೇಜಿಗೆ ತಿರುಗುತ್ತಿದ್ದರು. ಬರೆಯುತ್ತಿದ್ದವರು ಬೇರೆ. ಡ್ರಾಫ್ಟ್ಸ್‌ಮನ್ನರು ಪೆನ್ಸಿಲಿನಲ್ಲಿ ನಕ್ಷೆ ಮಾಡುತ್ತಿದ್ದರು. ಅದರ ಮೇಲೆ ಟ್ರೇಸಿಂಗ್ ಹಾಳೆ ಹಾಸಿ, ಒಂದೊಂದು ಗೆರೆಯನ್ನೂ ಇಂಕಿನಲ್ಲಿ ಎತ್ತುತ್ತಿದ್ದವರು ಕಿಟಕಿ ಸಾಲಿನ ಹುಡುಗಿಯರು. ನಾಗಸಂದ್ರದಿಂದ ನಡೆದು ಬರುತ್ತಿದ್ದ ಗಂಗಾಂಬಿಕೆ ಅವರಲ್ಲೊಬ್ಬಳು. ಬಳೆ ಹಾಳೆಗೆ ತಾಗಿ ಮಸಿ ಹರಡಬಾರದೆಂದು ಅವನ್ನು ಮೇಲಕ್ಕೆ ಸರಿಸಿ ಕರವಸ್ತ್ರ ಬಿಗಿಯುತ್ತಿದ್ದಳು. ತಪ್ಪಾದರೆ ಬ್ಲೇಡಿನ ಮೂಲೆಯಿಂದ ಕೆರೆದು, ಉಗುರಿನ ಬೆನ್ನಿಂದ ಉಜ್ಜಿ ನಯ ಮಾಡಿ, ಮತ್ತೆ ಎಳೆಯಬೇಕು. ಅವಳ ಹಾಳೆಗಳಲ್ಲಿ ಕೆರೆದ ಗುರುತು ಅಪರೂಪ.

ಪ್ರತಿ ಹಾಳೆಯ ಬಲ ಕೆಳಮೂಲೆಯಲ್ಲಿ ಒಂದು ಚೌಕಟ್ಟು ಇರುತ್ತಿತ್ತು. ವಿನ್ಯಾಸ ಮಾಡಿದವರು, ಬರೆದವರು, ಟ್ರೇಸ್ ಮಾಡಿದವರು, ಪರಿಶೀಲಿಸಿದವರು, ಎಲ್ಲರಿಗೂ ಒಂದೊಂದು ಉಗುರಿನಷ್ಟು ಮನೆ. ಉಳಿದವರೆಲ್ಲ ಇಂಗ್ಲಿಷ್ ಅಕ್ಷರ ಹಾಕಿದರೆ ಗಂಗಾಂಬಿಕೆ ತನ್ನ ಮನೆಯಲ್ಲಿ ‘ಗಂ’ ಎಂದು ಬರೆಯುತ್ತಿದ್ದಳು. ಯಾರೂ ಬೇಡವೆನ್ನಲಿಲ್ಲ, ಯಾರೂ ನೋಡಿಯೇ ಇರಲಿಲ್ಲ. ಆದರೂ ಅದು ಇತ್ತು. ಮೆಷಿನ್ನು ಕೊಯಮತ್ತೂರಿಗೆ ಹೋದರೆ ನಕ್ಷೆಯ ಜೊತೆ ‘ಗಂ’ ಕೂಡ ಕೊಯಮತ್ತೂರಿಗೆ ಹೋಗುತ್ತಿತ್ತು.

ಅಲ್ಲೇ ಚನ್ನವೀರಪ್ಪನವರು ಅವಳನ್ನು ನೋಡಿದರು, ಹಿರಿಯರು ಒಪ್ಪಿದರು, ಮದುವೆಯಾಯಿತು, ಮಗಳು ಸ್ಫೂರ್ತಿ ಹುಟ್ಟಿದಳು. “ಮಗೂನ ಯಾರು ನೋಡ್ಕೋತಾರೆ?” ಎಂಬ ಪ್ರಶ್ನೆಯೂ ಹುಟ್ಟಿತು. ಪ್ರಶ್ನೆ ಚನ್ನವೀರಪ್ಪನವರದು, ಉತ್ತರ ಗಂಗಾಂಬಿಕೆ. ಆಮೇಲೆ ಅವಳು ಮಾಡಿದ ಯಾವ ಕೆಲಸದ ಮೂಲೆಯಲ್ಲೂ ಅವಳಿಗೊಂದು ಮನೆಯಿರಲಿಲ್ಲ. ರೊಟ್ಟಿಗೆ ಇರುವುದಿಲ್ಲ. ಮಡಚಿಟ್ಟ ಪಂಚೆಗೆ ಇರುವುದಿಲ್ಲ. ಹಾಸಿಗೆ ಹಿಡಿದ ಅತ್ತೆಯನ್ನು ಮಗ್ಗುಲು ಬದಲಿಸಿ ಬದಲಿಸಿ ಮಲಗಿಸಿದ ವರ್ಷಗಳಿಗಂತೂ ಇರುವುದೇ ಇಲ್ಲ. ಆ ವರ್ಷಗಳ ಬಗ್ಗೆ ನೆಂಟರು ಈಗಲೂ ಹೇಳುವುದು ಒಂದೇ: “ಚನ್ನವೀರಪ್ಪ ತಾಯಿನ ಎಷ್ಟು ಚೆನ್ನಾಗಿ ನೋಡ್ಕೊಂಡ!”

ಕಾರ್ಖಾನೆ ಮುಚ್ಚಿ ಗೋದಾಮಾದಾಗ ಎಂ.ಡಿ. ಕೋಣೆಯ ಗೋಡೆಯಲ್ಲಿದ್ದ ಎಚಿಂಗ್ ನಿವೃತ್ತಿಯ ಉಡುಗೊರೆಯಾಗಿ ಚನ್ನವೀರಪ್ಪನವರ ಕೈಸೇರಿತು. ಗೆದ್ದಲು ಅಷ್ಟರಲ್ಲಿ ಅದರ ಬಲ ಕೆಳಮೂಲೆಯನ್ನು ತಿಂದು ಮುಗಿಸಿತ್ತು. ಬರೆದವನ ಹೆಸರು ಇದ್ದಿರಬಹುದಾದ ಜಾಗ ಅದೇ. ಮಗಳು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸದಲ್ಲಿದ್ದಾಗ ಕೊಂಡ ಈ ಫ್ಲ್ಯಾಟಿಗೆ ಬರುವಾಗ ಅದನ್ನು ಸೀರೆಯಲ್ಲಿ ಸುತ್ತಿ ತಂದವಳು ಗಂಗಾಂಬಿಕೆ. ಮಗಳು ಮದುವೆಯಾಗಿ ವೈಟ್‌ಫೀಲ್ಡಿಗೆ ಹೋದಳು. ಎಚಿಂಗು ಉಳಿಯಿತು, ಅದರ ಧೂಳು ಒರೆಸುವ ಕೆಲಸ ಉಳಿಯಿತು.

ಕಲೆಗೆ ಸಿದ್ಧತೆ ಜೋರಾಗಿತ್ತು. ಊಟದ ಮೇಜು ಚನ್ನವೀರಪ್ಪನವರ ಸ್ಟುಡಿಯೋ ಆಯಿತು. ಊಟ ಮೊಣಕಾಲಿನ ಮೇಲೆ ಬಂತು. ಭೂತಗನ್ನಡಿ ಇರುವ ದೀಪ ಬಂತು, ಸೊಂಟಕ್ಕೆ ದಿಂಬು ಬಂತು, ಪರದೇಶದ ಪೆನ್ನುಗಳ ಒಂದು ಪೆಟ್ಟಿಗೆ ಬಂತು. ಹಿತ್ತಾಳೆಯ ತಿರುಪು ಇರುವ ಸ್ಕೇಲೊಂದನ್ನು ಬಿಚ್ಚಿ ಅದರ ಜೊತೆಗೇ ಒಂದು ಬೆಳಿಗ್ಗೆ ಕಳೆದರು. “ಗಂಗಾ, ಕಾಫಿ.” “ಗಂಗಾ, ಈ ಫ್ಯಾನು ಹಾಳೆ ಹಾರಿಸ್ತಿದೆ, ಆಫ್ ಮಾಡು.” “ಗಂಗಾ, ಸೆಖೆ ಆಗ್ತಿದೆ, ಬೀಸಣಿಗೆ ಎಲ್ಲಿ?”

ಮೊದಲ ಹಾಳೆಯಲ್ಲಿ ಅವರು ಆಲದಮರದ ಸುತ್ತ ದಪ್ಪ ಪೆನ್ನಿನಿಂದ ಒಂದು ಗೆರೆ ಎಳೆದರು. ಲೇತ್ ಮೆಷಿನ್ನಿನ ಬಿಡಿಭಾಗಕ್ಕೆ ಎಳೆಯುವ ಹಾಗೆ, ಶುರುವಾದಲ್ಲಿಂದ ಶುರುವಾದಲ್ಲಿಗೆ ಬಂದು ಸೇರುವ ಗೆರೆ. ಮರ ಅಂಗನವಾಡಿ ಗೋಡೆಯ ಮರದಂತೆ, ಹೂಕೋಸಿನಂತೆ ನಿಂತಿತು. ಚನ್ನವೀರಪ್ಪನವರು ಅದನ್ನು ದೂರದಿಂದ ನೋಡಿದರು, ಹತ್ತಿರದಿಂದ ನೋಡಿದರು, ಕೊನೆಗೆ ಕಾಗದವೇ ಸರಿಯಿಲ್ಲ ಅಂದರು.

ಎಚಿಂಗಿನಲ್ಲಿ ಸುತ್ತುಗೆರೆ ಎಂಬುದೇ ಇಲ್ಲ. ಮೇಜು ಒರೆಸುವಾಗ ಭೂತಗನ್ನಡಿಯಡಿ ಇಣುಕಿದ ಗಂಗಾಂಬಿಕೆಗೆ ಅದು ಆ ದಿನವೇ ಕಂಡಿತ್ತು. ಮರವೆಂದರೆ ಅಲ್ಲಿ ಗೀರುಗಳು ದಟ್ಟವಾದ ಜಾಗ, ಅಷ್ಟೇ. ಗೀರು ತೆಳುವಾದಲ್ಲಿ ಬಿಸಿಲು. ಗೀರಿನ ಮೇಲೆ ಅಡ್ಡಗೀರು ಬಿದ್ದಲ್ಲಿ ನೆರಳು, ಅದರ ಮೇಲೆ ಇನ್ನೊಂದು ಓರೆಯಾಗಿ ಬಿದ್ದಲ್ಲಿ ಕತ್ತಲು. ನೀರು ಮುಗಿದು ಕಲ್ಲು ಶುರುವಾಗುವುದು ಒಂದು ಗೆರೆಯಿಂದಲ್ಲ, ಗೀರುಗಳು ಮಲಗಿದ್ದವು ಎದ್ದು ನಿಲ್ಲುವುದರಿಂದ. ಇಡೀ ಚಿತ್ರವೇ ಆ ಗೀರು. ಅದನ್ನು ಅವಳು ಗಂಡನಿಗೆ ಹೇಳಲಿಲ್ಲ. ಹೇಳಿದರೆ, “ಅದನ್ನೇ ನಾನು ಹೇಳ್ತಿರೋದು” ಎಂಬ ಉತ್ತರ ಬರುತ್ತದೆಂದು ಅವಳಿಗೆ ಗೊತ್ತಿತ್ತು.

ಎರಡನೆಯ ಹಾಳೆಯಲ್ಲಿ ಅವರು ಚೌಕುಳಿ ಹಾಕಿ, ಒಂದೊಂದು ಚೌಕವನ್ನೂ ನೋಡಿ ನೋಡಿ, ಪೆನ್ಸಿಲಿನಲ್ಲಿ ಎಲ್ಲದರ ಸುತ್ತುಗೆರೆ ಎಳೆದರು. ಅದಕ್ಕೇ ವಾರಗಳು ಹಿಡಿದವು.

“ಲೇ ಗಂಗಾ, ಬಾ ಇಲ್ಲಿ. ಮುಖ್ಯ ಕೆಲಸ ಮುಗೀತು.”

“ಯಾವುದು?”

“ಕಾಣಲ್ವೇನೇ? ಔಟ್‌ಲೈನು. ಇನ್ನು ಬರೀ ಗೀರು ತುಂಬೋದು. ನನಗೆ ಕೂತು ಕೂತು ಸೊಂಟ ಹಿಡ್ಕೊಂಡಿದೆ. ನಿನಗೆ ಅಭ್ಯಾಸ ಇದೆ, ತುಂಬಿಬಿಡು. ಮಧ್ಯಾಹ್ನ ಹೇಗೂ ಖಾಲಿ ಇರ್ತೀಯ.”

ಖಾಲಿ ಮಧ್ಯಾಹ್ನದಲ್ಲಿ ಪಾತ್ರೆ ಒರೆಸಿಡುವುದಿತ್ತು, ಒಣಗಿದ ಬಟ್ಟೆ ತೆಗೆಯುವುದಿತ್ತು, ರಾತ್ರಿಯ ಪಲ್ಯಕ್ಕೆ ಸೊಪ್ಪು ಬಿಡಿಸುವುದಿತ್ತು. ಚನ್ನವೀರಪ್ಪನವರು ಆ ಹೊತ್ತಿಗೆ ಮಲಗಿರುತ್ತಿದ್ದರು. ಮಲಗಿದವರಿಗೆ ಮನೆ ಖಾಲಿಯಾಗಿಯೇ ಕಾಣುತ್ತದೆ.

ಗಂಗಾಂಬಿಕೆ ಬೈದುಕೊಳ್ಳುತ್ತಲೇ ಒಪ್ಪಿದಳು. ಬಯ್ಗುಳದ ಅಡಿಯಲ್ಲಿ ಬೆರಳುಗಳು ಆಗಲೇ ತುರಿಸುತ್ತಿದ್ದವು. ಅದಕ್ಕಾಗಿ ತನ್ನ ಮೇಲೂ ಅಸಹ್ಯವಾಯಿತು. ಪರದೇಶದ ಪೆಟ್ಟಿಗೆಯನ್ನು ಅವಳು ಮುಟ್ಟಲಿಲ್ಲ. ಹೊಲಿಗೆಯ ಡಬ್ಬಿಯಲ್ಲಿ, ಗುಂಡಿ ದಾರಗಳ ಕೆಳಗೆ, ಪೀಣ್ಯದ ಟ್ರೇಸಿಂಗ್ ಪೆನ್ನುಗಳು ಹತ್ತಿಯಲ್ಲಿ ಸುತ್ತಿಕೊಂಡು ಮಲಗಿದ್ದವು. ಬಿಸಿನೀರಲ್ಲಿ ನೆನೆಹಾಕಿ, ಬಿಚ್ಚಿ, ಮೊನೆಯೊಳಗಿನ ಕೂದಲಿನಷ್ಟು ಸಣ್ಣ ತಂತಿಯನ್ನು ಬಗ್ಗಿಸದಂತೆ ತೊಳೆದು ಜೋಡಿಸಿದಳು. ಕಿವಿಯ ಬಳಿ ಹಿಡಿದು ಅಲುಗಿಸಿದಾಗ ಒಳಗಿನ ತಂತಿ ಟಕ್ ಟಕ್ ಎಂದಿತು. ಇನ್ನೂ ಬದುಕಿತ್ತು. ಬಳೆ ಮೇಲಕ್ಕೆ ಸರಿಸಿ ಕರವಸ್ತ್ರ ಬಿಗಿದಳು.

ಮರ ನಿಧಾನವಾಗಿ ಬಂತು. ಚನ್ನವೀರಪ್ಪನವರ ಸುತ್ತುಗೆರೆಯನ್ನು ಅವಳು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದು ಒಂದು ಕಡೆ ದಪ್ಪ, ಒಂದು ಕಡೆ ಓರೆ, ಕುದುರೆಗೆ ಹೊಟ್ಟೆ ಉಬ್ಬರಿಸಿತ್ತು. ಅವಳು ಎಚಿಂಗನ್ನೇ ನೋಡಿ ಗೀರಿದಳು. ಮಧ್ಯಾಹ್ನದಿಂದ ಮಧ್ಯಾಹ್ನಕ್ಕೆ ಬೇರು ಇಳಿದವು, ಏರಿಯ ಮಣ್ಣು ಬಿಸಿಯಾಯಿತು, ನೀರು ಮಲಗಿತು. ನಾಲ್ಕೂವರೆಗೆ ಎದ್ದು ಬಂದು ಚನ್ನವೀರಪ್ಪನವರು ಕೈ ಹಿಂದೆ ಕಟ್ಟಿ ನಿಲ್ಲುತ್ತಿದ್ದರು.

“ಇಲ್ಲಿ ಕಪ್ಪು ಸ್ವಲ್ಪ ಜಾಸ್ತಿ ಆಗ್ಲಿಲ್ವಾ?”

“ಅಲ್ಲಿ ಅಷ್ಟೇ ಇದೆ ನೋಡಿ.”

“ಹ್ಞಾ, ಅಷ್ಟೇ ಇರಲಿ. ನಾನೂ ಅದನ್ನೇ ಅಂದ್ಕೊಂಡೆ.”

ಆಮೇಲೆ ಅವಳನ್ನು ಎಬ್ಬಿಸಿ, ಆ ಕುರ್ಚಿಯಲ್ಲಿ ತಾವು ಕೂತು, ಪೆನ್ನು ಹಿಡಿದು, ಅವಳಿಂದಲೇ ಫೋಟೊ ತೆಗೆಸಿಕೊಂಡು ಸಂಘದ ವಾಟ್ಸ್ಯಾಪಿಗೆ ಹಾಕುತ್ತಿದ್ದರು. ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬರುತ್ತಿದ್ದವು. ವೈಟ್‌ಫೀಲ್ಡಿನಿಂದ ಮಗಳೂ “ಅಪ್ಪಾ, ಯು ಆರ್ ಅಮೇಜಿಂಗ್” ಎಂದು ಬರೆದಳು. ಒಂದು ಫೋಟೊದಲ್ಲಿ ಪೆನ್ನಿನ ಮುಚ್ಚಳವನ್ನೇ ತೆಗೆದಿರಲಿಲ್ಲ. ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಕೈಮುಗಿದಿದ್ದರು.

ಲಾಬಿ ಗುಡಿಸಿ ಒರೆಸುವ ರಾಮಮ್ಮ ಮಧ್ಯಾಹ್ನದ ಬುತ್ತಿಯನ್ನು ಗಂಗಾಂಬಿಕೆಯ ಮನೆಯಲ್ಲಿ ಕೂತು ಉಣ್ಣುವುದು ಮೊದಲಿನಿಂದಲೂ ರೂಢಿ. ಅವಳು ಪಕ್ಕದ ಹಳ್ಳಿಯವಳೇ, ದೂರಿಗೆ ಸಿಕ್ಕ ಹಸು ಅವಳ ಮೈದುನ ಮುನಿಯಣ್ಣನದು. ಒಂದು ದಿನ ಕೈತೊಳೆದು ಬಂದು, ಸೆರಗಿಗೆ ಕೈ ಒರೆಸುತ್ತಾ, ಹಾಳೆಯ ಮೇಲೆ ಬಗ್ಗಿದಳು.

“ಅಮ್ಮಾವ್ರೇ, ಈ ಯೆಂಗಸ್ರಿಗೆ ಮಕಾನೇ ಇಲ್ವಲ್ಲ!”

“ಮೂಲ ಚಿತ್ರ ಬರೆದ ಬಿಳಿಯ ಹಾಕಿಲ್ಲ ರಾಮಮ್ಮ.”

“ಕುದ್ರೆಗೆ ಕಣ್ಣು, ಮೂಗು, ಅಲ್ಲು ಎಲ್ಲಾ ಐತೆ. ಬಾಲದ್ ಕೂದ್ಲು ಕೂಡ ಐತೆ. ಇವ್ರಿಗೆ ಬರೀ ಬೆನ್ನಾ?”

“ಅವನಿಗೆ ಅಷ್ಟೇ ಕಂಡಿರಬೇಕು.”

“ಈಗ್ಲೂ ಅಂಗೇಯಾ ಬುಡಿ. ನಾನು ನೆಲ ಒರುಸ್ತಾ ಇದ್ರೆ ಇಲ್ಲಿ ಜನ ನನ್ ಬೆನ್ನಿಗೇ ‘ಸರ್ಕೊಳಮ್ಮ’ ಅಂತಾರೆ. ಇನ್ನೊಂದ್ ದಿನ ಮಾರ್ಕೆಟ್ನಾಗೆ ಎದುರಿಗ್ ಸಿಕ್ರೆ ಗುರ್ತೇ ಅತ್ತಲ್ಲ.” ರಾಮಮ್ಮ ನಕ್ಕಳು. “ನೀವಾದ್ರೂ ಮಕ ಆಕಿ ಮತ್ತೆ.”

“ಇಲ್ಲದ್ದನ್ನ ಹಾಕೋಹಾಗಿಲ್ಲ. ಅದು ನಮ್ಮ ಕೆಲಸದ ಕಟ್ಟಳೆ.”

ಹಾಕಲಿಲ್ಲ. ಆ ಬಿಳಿಯನ ಅಸಡ್ಡೆಯನ್ನೂ ಇದ್ದ ಹಾಗೇ ಎತ್ತಿದಳು. ಕುದುರೆಯ ಬಾಲಕ್ಕೆ ಸುರಿದ ಗೀರುಗಳ ಪಕ್ಕದಲ್ಲಿ ಆ ನಾಲ್ಕು ಬೆನ್ನುಗಳಿಗೆ ಸಿಕ್ಕಿದ್ದು ಎಷ್ಟೆಂದು ಕಣ್ಣಿದ್ದವರು ನೋಡಿಕೊಳ್ಳಲಿ.

ಚಿತ್ರ ಮುಗಿ​ಯುವ ಹೊತ್ತಿಗೆ ದಸರೆ ಕಳೆದಿತ್ತು. ಕನ್ನಡ ರಾಜ್ಯೋತ್ಸವದ ದಿನ ಅನಾವರಣವೆಂದು ಗೊತ್ತಾಯಿತು. ಪ್ರಸನ್ನ ನೋಡಲು ಬಂದ. ಗೆದ್ದಲು ತಿಂದ ಮೂಲೆ ಹೊಸ ಹಾಳೆಯಲ್ಲೂ ಬಿಳಿಯಾಗಿಯೇ ಉಳಿದಿತ್ತು.

“ಸೂಪರ್ ಅಂಕಲ್! ಆದ್ರೆ ಈ ಕಾರ್ನರ್ ಖಾಲಿ ಇದೆ. ಇಲ್ಲಿ ನಮ್ಮ ಅಪಾರ್ಟ್‌ಮೆಂಟ್ ಲೋಗೊ ಹಾಕ್ಬೌದಲ್ವಾ?”

“ಛೇ ಛೇ. ಅಲ್ಲಿ ಆರ್ಟಿಸ್ಟ್ ಸಹಿ ಬರುತ್ತೆ ಕಣಪ್ಪ.”

“ಕರೆಕ್ಟ್ ಕರೆಕ್ಟ್. ನೇಮ್ ಪ್ಲೇಟೂ ರೆಡಿಯಾಗಿದೆ ನೋಡಿ ಅಂಕಲ್.” ಪ್ರಸನ್ನ ಮೊಬೈಲು ಚಾಚಿದ. ಹಿತ್ತಾಳೆಯ ಫಲಕ, ಕೆತ್ತಿದ ಅಕ್ಷರ: ‘ಕಲಾವಿದರು: ಶ್ರೀ ಚನ್ನವೀರಪ್ಪ, ನಿವೃತ್ತ ಮುಖ್ಯ ಇಂಜಿನಿಯರ್’.

ಗಂಗಾಂಬಿಕೆ ಕಾಫಿಯ ತಟ್ಟೆ ಹಿಡಿದು ನಿಂತಿದ್ದಳು. ಈ ದಿನ ಬರುತ್ತದೆಂದು ಅವಳಿಗೆ ಮಳೆಗಾಲದಲ್ಲೇ ಗೊತ್ತಿತ್ತು. ಬಂದಾಗ ತನಗೇನೂ ಅನ್ನಿಸುವುದಿಲ್ಲವೆಂದೂ ಅಂದುಕೊಂಡಿದ್ದಳು, ಮಂಡಕ್ಕಿಯ ಹೊಗಳಿಕೆ ಕೇಳಿದಾಗ ಏನೂ ಅನ್ನಿಸದ ಹಾಗೆ. ಆದರೆ ಹೊಳೆಯುವ ಆ ಅಕ್ಷರ ನೋಡಿದ್ದೇ ಕಾಫಿಯ ತಟ್ಟೆಯನ್ನು ಕೊಡದೆ ಹಾಗೇ ಕೆಳಗಿಟ್ಟಳು. ಮಂಡಕ್ಕಿ ತಿಂದು ಮುಗಿದುಹೋಗುತ್ತದೆ. ಇದು ಗೋಡೆಯ ಮೇಲೆ ಇರುತ್ತದೆ. ಅವಳಿಗೆ ಹಿತ್ತಾಳೆ ಬೇಕಿರಲಿಲ್ಲ, ಚಪ್ಪಾಳೆ ಬೇಕಿರಲಿಲ್ಲ. ಆ ಉಗುರಿನಷ್ಟು ಮನೆ ಬೇಕಿತ್ತು.

ಪ್ರಸನ್ನ ಹೋದ ಮೇಲೆ ಕೇಳಿದಳು: “ರೀ, ನನ್ನ ಹೆಸರು?”

“ಎಲ್ಲಿ?”

“ಚಿತ್ರದಲ್ಲಿ.”

ಚನ್ನವೀರಪ್ಪನವರಿಗೆ ನಿಜಕ್ಕೂ ಆಶ್ಚರ್ಯವಾಯಿತು. “ನಿನ್ನದಾ? ಗೀರು ತುಂಬಿದೋರ ಹೆಸರೆಲ್ಲ ಹಾಕ್ತಾ ಹೋದ್ರೆ ಫ್ರೇಮ್ ಹಾಕೋನ ಹೆಸರೂ ಹಾಕ್ಬೇಕಾಗುತ್ತೆ.”

“ಪೀಣ್ಯದಲ್ಲಿ ಹಾಕ್ತಿದ್ವಲ್ಲ.”

“ಅದು ಫ್ಯಾಕ್ಟರಿ ಕಣೇ. ಇದು ಮನೆ.”

ಇಷ್ಟು ಸ್ಪಷ್ಟವಾದ ಮಾತನ್ನು ಚನ್ನವೀರಪ್ಪನವರು ದಾಂಪತ್ಯದಲ್ಲಿ ಬೇರೆ ಯಾವತ್ತೂ ಆಡಿರಲಿಲ್ಲ. ಆಡಿದ್ದು ಅವರಿಗೇ ಗೊತ್ತಾಗಲಿಲ್ಲ. ಪೆನ್ಸಿಲು ಚೂಪು ಮಾಡಿಕೊಂಡು, ಆ ಬಿಳಿ ಮೂಲೆಯಲ್ಲಿ, ಬಾಲವಿರುವ ದೊಡ್ಡ ಸಹಿ ಹಾಕಿದರು.

“ಇಂಕಲ್ಲಿ ಹಾಕಲ್ವಾ?” ಎಂದಳು ಗಂಗಾಂಬಿಕೆ.

“ನಿನಗೇನು ಗೊತ್ತು? ನಾನು ಓದಿದ್ದೀನಿ. ನಿಜವಾದ ಎಚಿಂಗ್ ಕಲಾವಿದರು ಪೆನ್ಸಿಲಲ್ಲೇ ಸಹಿ ಮಾಡೋದು. ಇಂಕಲ್ಲಿ ಮಾಡೋರು ಏನೂ ತಿಳೀದೋರು.” ವಾಕಿಂಗ್ ಶೂ ಹಾಕಿಕೊಳ್ಳುತ್ತಾ ಬಾಗಿಲಿನಿಂದಲೇ ಅಪ್ಪಣೆ ಕೊಟ್ಟರು: “ನಾಳೆ ಮರೆಪ್ಪನ ಅಂಗಡೀಲಿ ಫ್ರೇಮಿಗೆ ಕೊಟ್ಟು ಬಾ. ಅದಕ್ಕೆ ಮುಂಚೆ ಪೆನ್ಸಿಲೆಲ್ಲ ಅಳಿಸಿಬಿಡು. ಒಂದು ಗೆರೆ ಉಳೀಬಾರ್ದು ನೋಡು, ಅಸಹ್ಯ ಕಾಣುತ್ತೆ.”

ಮರುದಿನ ಬೆಳಿಗ್ಗೆ ಗಂಗಾಂಬಿಕೆ ರಬ್ಬರು ಹಿಡಿದು ಕೂತಳು. ಮೊದಲು ಚೌಕುಳಿ ಹೋಯಿತು. ಆಮೇಲೆ ಮರದ ಸುತ್ತಿನ ಗೆರೆ ಹೋಯಿತು, ಮಂಟಪದ್ದು ಹೋಯಿತು, ದೊರೆಯದು ಹೋಯಿತು, ಕುದುರೆಯ ಹೊಟ್ಟೆಯುಬ್ಬರ ಹೋಯಿತು. ಇಂಕಿನ ಗೀರಿಗೆ ಏನೂ ಆಗಲಿಲ್ಲ. ಎದ್ದು ದೂರ ನಿಂತು ನೋಡಿದಳು. ವಾರಗಟ್ಟಲೆ ಸೊಂಟ ಹಿಡಿಸಿಕೊಂಡು ಮಾಡಿದ ಮುಖ್ಯ ಕೆಲಸವೆಲ್ಲ ಹೋದ ಮೇಲೂ ಚಿತ್ರದಲ್ಲಿ ಒಂದೆಲೆಯೂ ಕಡಿಮೆಯಾಗಿರಲಿಲ್ಲ. ಮರ ಹಾಗೇ ನಿಂತಿತ್ತು, ಇನ್ನಷ್ಟು ಉಸಿರಾಡುತ್ತಿತ್ತು. ಹಾಳೆಯ ಮೇಲೆ ಬೂದು ಬಣ್ಣದ ರಬ್ಬರಿನ ಹಿಟ್ಟು ಮಾತ್ರ ಉಳಿದಿತ್ತು, ಒಂದು ಬೊಗಸೆ.

ಕೊನೆಗೆ ಬಲ ಕೆಳಮೂಲೆಗೆ ಬಂದಳು. ಬಾಲದಿಂದ ಶುರುಮಾಡಿ ಸಹಿಯನ್ನೂ ಅಳಿಸಿದಳು. ಒಲೆಕಟ್ಟೆಯ ಎಣ್ಣೆ ಒರೆಸಿದಷ್ಟೇ ಸಹಜವಾಗಿ.

ಆಮೇಲೆ ಸಣ್ಣ ಪೆನ್ನು ತೆಗೆದು, ಕಿವಿಯ ಬಳಿ ಅಲುಗಿಸಿ, ಅಲ್ಲೊಂದು ಚೌಕಟ್ಟು ಎಳೆದಳು. ಒಳಗೆ ಎರಡು ಮನೆ. ಮೇಲಿನದರಲ್ಲಿ: ‘ಬರೆದವರು – ಗಂಗಾಂಬಿಕೆ’. ಕೆಳಗಿನದರಲ್ಲಿ: ‘ಪರಿಶೀಲಿಸಿದವರು – ಚನ್ನವೀರಪ್ಪ’. ಗಂಡನಿಗೆ ಸಲ್ಲಬೇಕಾದದ್ದಕ್ಕಿಂತ ಹೆಚ್ಚೇ ಕೊಟ್ಟೆನೇನೋ ಎಂದು ಒಂದು ಕ್ಷಣ ಅನ್ನಿಸಿತು. ಇರಲಿ, ನಾಲ್ಕೂವರೆಗೆ ಬಂದು ನಿಲ್ಲುತ್ತಿದ್ದದ್ದು ನಿಜ. ಇಂಕು ಆರುವವರೆಗೆ ಕಾದು, ರಬ್ಬರಿನ ಹಿಟ್ಟನ್ನು ಅಂಗೈಗೆ ಬಳಿದುಕೊಂಡು ಕಸದ ಬುಟ್ಟಿಗೆ ಹಾಕಿ, ಹಾಳೆ ಸುತ್ತಿ ಸರ್ವೀಸ್ ರಸ್ತೆಯ ಮರೆಪ್ಪನ ಅಂಗಡಿಗೆ ನಡೆದಳು. ಗಾಜು ಕೂರಿಸಿ, ಹಿಂದೆ ಕಾಗದ ಅಂಟಿಸಿ, ಬಟ್ಟೆ ಸುತ್ತಿ, ಮರೆಪ್ಪ ಅದನ್ನು ನೇರವಾಗಿ ಲಾಬಿಗೇ ತಲುಪಿಸಿದ.

ರಾಜ್ಯೋತ್ಸವದ ಬೆಳಿಗ್ಗೆ ಹಳದಿ ಕೆಂಪು ಶಾಲು ಹೊದ್ದ ಚನ್ನವೀರಪ್ಪನವರು ದಾರ ಎಳೆದರು. ಬಟ್ಟೆ ಜಾರಿತು. ಕೆಳಗೆ ಗೋಡೆಯಲ್ಲಿ ಹಿತ್ತಾಳೆ ಥಳಥಳಿಸಿತು. ಜನ ಮೊದಲು ಓದಿದ್ದು ಅದನ್ನೇ, ಚಪ್ಪಾಳೆ ತಟ್ಟಿದ್ದೂ ಅದಕ್ಕೇ. ಪ್ರಸನ್ನನ ಹೆಂಡತಿ ಮಂಜುಶ್ರೀ ಮಾತ್ರ ಚಿತ್ರದ ಹತ್ತಿರ ಹೋಗಿ ಬಗ್ಗಿದಳು.

“ಆಂಟೀ, ಇಲ್ಲಿ ‘ಬರೆದವರು ಗಂಗಾಂಬಿಕೆ’ ಅಂತಿದೆ. ನೀವೇನಾ ಬರೆದಿದ್ದು?”

ಗಂಗಾಂಬಿಕೆ ಬಾಯಿ ತೆರೆಯುವಷ್ಟರಲ್ಲಿ ಚನ್ನವೀರಪ್ಪನವರ ನಗು ಕೇಳಿಸಿತು.

“ಹೌದು ಹೌದು! ಗೀರು ತುಂಬಿಕೊಟ್ಟಳು ಪಾಪ. ನಾನೇ ಹೇಳ್ದೆ, ನಿನ್ನ ಹೆಸರೂ ಇರ್ಲಿ ಹಾಕ್ಕೋ ಅಂತ. ಪರಿಶೀಲಿಸಿದ್ದು ಅಂದ್ರೆ ಗೊತ್ತಲ್ಲ, ಅದೇ ಎಲ್ಲಕ್ಕಿಂತ ಮೇಲಿನ ಕೆಲಸ.”

“ಎಷ್ಟು ದೊಡ್ಡ ಮನಸ್ಸು ಅಂಕಲ್ ನಿಮ್ದು!” ಎಂದ ಪ್ರಸನ್ನ. ಮತ್ತೆ ಚಪ್ಪಾಳೆ. ಈ ಸಲದ್ದು ಮೊದಲಿನದಕ್ಕಿಂತ ಜೋರು.

ಗಂಗಾಂಬಿಕೆ ಗಂಡನನ್ನು ನೋಡಿದಳು. ಗೋಡೆಗೆ ಸಿಡಿದ ಎಣ್ಣೆಯನ್ನು ನೋಡುವ ಹಾಗೆ, ಇದು ಎಷ್ಟು ದೂರ ಹಾರಿದೆಯಪ್ಪಾ ಎಂದು ನೋಡಿದಳು. “ಹೌದು ಮಂಜುಶ್ರೀ, ಬರೆದದ್ದು ನಾನು” ಎಂದಳು. ಮಂಜುಶ್ರೀಗೆ ಕೇಳಿಸಿತು. ಉಳಿದವರು ಕೇಸರಿಬಾತಿನ ಕಡೆ ಹೊರಟಿದ್ದರು.

ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ಚನ್ನವೀರಪ್ಪನವರ ದನಿ ಬದಲಾಯಿತು. “ನನ್ನ ಸಹಿ ಎಲ್ಲೇ?”

“ಪೆನ್ಸಿಲಿನದು ಒಂದು ಗೆರೇನೂ ಉಳೀಬಾರ್ದು ಅಂದಿದ್ರಿ.”

“ಅದು... ಅಷ್ಟೂ ತಿಳಿಯಲ್ವಾ ನಿನಗೆ?”

“ತಿಳೀತು” ಎಂದಳು. ಅವರ ಮಹಡಿ ಬಂತು.

ಚನ್ನವೀರಪ್ಪನವರು ಒಂದು ವಾರ ಮುಖ ಊದಿಸಿಕೊಂಡಿದ್ದು, ಆಮೇಲೆ ಹಿತ್ತಾಳೆಯ ಫಲಕ ಇದೆಯಲ್ಲ ಎಂದು ಸಮಾಧಾನ ತಂದುಕೊಂಡರು. ಬಂದ ನೆಂಟರನ್ನೆಲ್ಲ ಅದರ ಮುಂದೆ ನಿಲ್ಲಿಸುತ್ತಿದ್ದರು. ಆದರೆ ಹಿತ್ತಾಳೆಯ ಗುಣ ಅವರಿಗೆ ಗೊತ್ತಿರಲಿಲ್ಲ. ಮನೆಯ ದೀಪ, ಗಂಟೆ, ತಂಬಿಗೆಗಳು ತಾವಾಗಿಯೇ ಹೊಳೆಯುತ್ತವೆಂದು ಅವರು ಈವರೆಗೆ ನಂಬಿದ್ದರು. ಸಂಕ್ರಾಂತಿಯ ಹೊತ್ತಿಗೆ ಫಲಕ ಮಂಕಾಯಿತು. ಶಿವರಾತ್ರಿಯ ಹೊತ್ತಿಗೆ ಅಕ್ಷರಗಳ ಸಂದಿಯಲ್ಲಿ ಹಸಿರು ಕಿಲುಬು ಕಟ್ಟಿತು. ‘ಕಲಾವಿದರು’ ಎಂಬುದನ್ನು ಓದಲು ಆಗುತ್ತಿರಲಿಲ್ಲ. ಮೇಲಿನ ಗಾಜು ಮಾತ್ರ ದಿನಾ ಕನ್ನಡಿಯಂತೆ ಮಿಂಚುತ್ತಿತ್ತು.

ಚನ್ನವೀರಪ್ಪನವರು ರಾಮಮ್ಮನನ್ನು ಹಿಡಿದು ಕೇಳಿದರು. ಅವಳು ಕೈಯಲ್ಲಿದ್ದ ಒರೆಸುಬಟ್ಟೆ ಕೊಡವಿದಳು.

“ಗಾಜು ಒರ್ಸು ಅಂತ ಯೋಳವ್ರೆ ಸಾರ್. ಇತ್ತಾಳೆ ನಂಗೆ ಯೋಳಿಲ್ಲ.”

ಅವರು ಮೇಲೆ ಬಂದರು. ಗಂಗಾಂಬಿಕೆ ಊಟದ ಮೇಜಿನಲ್ಲಿದ್ದಳು. ಅವಳ ಮುಂದೆ ಹೊಸ ಹಾಳೆಯಿತ್ತು. ಪೆನ್ಸಿಲಿನ ಒಂದು ಗೆರೆಯೂ ಇಲ್ಲದ ಆ ಹಾಳೆಯಲ್ಲಿ, ಬಟ್ಟೆ ಒಗೆಯುವ ಕಲ್ಲಿನಿಂದ ತಲೆಯೆತ್ತಿ ನೋಡುತ್ತಿದ್ದ ಒಂದು ಹೆಂಗಸಿನ ಮುಖ ಅರ್ಧ ಬಂದಿತ್ತು. ನಗು ರಾಮಮ್ಮನದು.

“ಗಂಗಾ, ಸ್ವಲ್ಪ ಹುಣಸೆಹಣ್ಣು ತಗೊಂಡು ಹೋಗಿ ಆ ಪ್ಲೇಟು ಉಜ್ಜಿಬಿಡು. ನಾಳೆ ದಾವಣಗೆರೆಯಿಂದ ಶೇಖರಪ್ಪ ಬರ್ತಾನೆ.”

“ಹೆಸರು ಯಾರದು?” ಗಂಗಾಂಬಿಕೆ ತಲೆ ಎತ್ತಲಿಲ್ಲ.

“ಅಂದ್ರೆ?”

“ನಿಮ್ಮ ಹೆಸರು ತಾನೇ? ನೀವೇ ಉಜ್ಜಿಕೊಳ್ಳಿ. ಹುಣಸೆಹಣ್ಣು ಅಡುಗೆಮನೇಲಿದೆ.”

ಚನ್ನವೀರಪ್ಪನವರು ಇದು ತಮಾಷೆಯೆಂದು ತಿಳಿದು ನಕ್ಕರು. ಅವಳು ನಗಲಿಲ್ಲವಾದ್ದರಿಂದ ಅಡುಗೆಮನೆಗೆ ಹೋದರು. ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಮುಚ್ಚಿದ ಸದ್ದು. ಇನ್ನೊಂದು ಡಬ್ಬಿ. ಇನ್ನೊಂದು.

“ಯಾವ ಡಬ್ಬೀಲೇ?”

ಮೂರು ಬ್ಲಾಕಿಗೂ ಮಂಡಕ್ಕಿ ಉಣಿಸಿದ ಮಹಾನುಭಾವ. ಗಂಗಾಂಬಿಕೆ ಬಳೆಗಳನ್ನು ಮೇಲಕ್ಕೆ ಸರಿಸಿ, ಕರವಸ್ತ್ರವನ್ನು ಇನ್ನೊಂದು ಸುತ್ತು ಬಿಗಿದು, ಆ ಮುಖದ ಕಣ್ಣಿನಡಿಯ ನೆರಳನ್ನು ಗೀರತೊಡಗಿದಳು.